ಒಕಾಚಿ ಸರೋವರದ ಹಳೆಯ ಮೋಟಾರು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸರೋವರಗಳಿಗೆ ಬರವಿಲ್ಲ, ಸಾವಿರಾರು ಇವೆ. ಮಗಳ ಮನೆಗೆಂದು ಮಿಲ್ವಾಕಿ ನಗರಕ್ಕೆ ಹೋಗಿದ್ದಾಗ ಅದರ ಪಶ್ಚಿಮಕ್ಕಿರುವ ಒಕಾಚಿ ಸರೋವರವನ್ನು ನೋಡಿದೆ.

ಮಕ್ಕಳೇ, ಈ ಸರೋವರಕ್ಕೊಂದು ಸಿಹಿ ಕಥೆಯಿದೆ. ನೂರು ವರ್ಷಕ್ಕೂ ಹಿಂದೆ ಓಲೆ ಎವಿನ್‌ರೂಡ್ ಎಂಬ ತರುಣ, ಮುಂದೆ ತನ್ನ ಮಡದಿಯಾದ ಬೆಸ್‌ಗಾಗಿ ಐಸ್‌ಕ್ರೀಮ್ ತರಲು ಇಲ್ಲಿ ದೋಣಿಗೆ ಹುಟ್ಟು ಹಾಕಿಕೊಂಡು ಹೋದನಂತೆ. ಮರಳುವಷ್ಟರಲ್ಲಿ ಅದು ಕರಗಿಹೋಗಿತ್ತು! ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರಿನ ಯೋಚನೆ ಅವನಿಗೆ ಬಂದದ್ದು ಆಗಲೇ ಎನ್ನುತ್ತಾರೆ. 1909ರಲ್ಲಿ ಆ ಮೋಟಾರು ಮಾರಾಟಕ್ಕೆ ಬಂತು. ವ್ಯವಹಾರವನ್ನು ನೋಡಿಕೊಂಡವಳು ಬೆಸ್. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಈ ಮಾತು ಬಹಳ ಹಿಡಿಸಿತು.

ಮಗಳ ನೆರೆಮನೆಯ ಅಜ್ಜನಿಗೆ 80 ದಾಟಿದೆ. ಅವರ ಗ್ಯಾರೇಜಿನಲ್ಲಿ 1950ರ ದಶಕದ ಇಂಥದ್ದೊಂದು ಮೋಟಾರು ಇತ್ತು. ಅವರ ತಂದೆ ಕೊಂಡದ್ದು. ಎಂಜಿನ್ ಚೆನ್ನಾಗಿದ್ದರೂ ವೇಗ ಹೆಚ್ಚಿಸಿದೊಡನೆ ಕಟಕಟ ಎಂದು ಗೇರ್ ತಪ್ಪುತ್ತಿತ್ತು. “ಗುಜರಿಗೆ ಹಾಕಿ, ಹೊಸದು ತನ್ನಿ” ಎಂದು ಮನೆಯವರ ಒತ್ತಾಯ. ಅಜ್ಜನಿಗೆ ಮನಸ್ಸಿಲ್ಲ. ಮರುವಾರ ಮೊಮ್ಮಗ ಮೀನು ಹಿಡಿಯಲು ಬರುವವನಿದ್ದ.

ಅವರು ಮೋಟಾರಿನ ಕೆಳಭಾಗವನ್ನು ಬಿಚ್ಚುವುದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಮೊದಲು ಗೇರ್ ಎಣ್ಣೆ ಇಳಿಸಿದರು. ಅದು ಹಾಲು ಬೆರೆಸಿದ ಕಾಫಿಯಂತಿತ್ತು; ಸೀಲ್ ಸವೆದು ನೀರು ಒಳಗೆ ಹೋಗಿದೆ ಎಂದರ್ಥ. ಒಳಗೆ ಎದುರುಬದುರಾಗಿ ಎರಡು ಹಲ್ಲುಚಕ್ರಗಳು, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. ನಡುವೆ ಜಾರುವ ಒಂದು ಉಕ್ಕಿನ ತುಂಡು. ಮುಂದಿನ ಚಕ್ರವನ್ನು ಕಚ್ಚಿದರೆ ದೋಣಿ ಮುಂದಕ್ಕೆ, ಹಿಂದಿನದನ್ನು ಕಚ್ಚಿದರೆ ಹಿಂದಕ್ಕೆ. ಕಚ್ಚುವ ಈ ತುಂಡಿಗೆ ಇಂಗ್ಲಿಷಿನಲ್ಲಿ ‘ಡಾಗ್’ ಎಂದೇ ಹೆಸರು!

ಈ ನಾಯಿಯ ಮುಂದಿನ ಹಲ್ಲುಗಳು ಸವೆದು ಮೊಂಡಾಗಿದ್ದವು. ಹಿಂದಿನವು ಮಾತ್ರ ಚೂಪಾಗಿದ್ದವು, ಏಕೆಂದರೆ ದೋಣಿಯನ್ನು ಹಿಂದಕ್ಕೆ ಓಡಿಸುವುದು ಅಪರೂಪ. ಎರಡು ಬದಿಯೂ ಒಂದೇ ಅಳತೆಯವು ಎಂದು ಖಚಿತಪಡಿಸಿಕೊಂಡು ಅಜ್ಜ ಆ ತುಂಡನ್ನು ತಿರುಗಿಸಿ ಕೂರಿಸಿದರು. ಚಕ್ರದ ಕಚ್ಚುಗಳ ಅಂಚನ್ನು ಸಣ್ಣ ಅರದಿಂದ ಉಜ್ಜಿ ನೇರ ಮಾಡಿದರು. ಹೊಸ ಸೀಲ್, ಹೊಸ ಎಣ್ಣೆ ಹಾಕಿದರು.

ನಮ್ಮ ಕಾಲದಲ್ಲಿ ಷರಟಿನ ಕಾಲರ್ ಸವೆದರೆ ದರ್ಜಿ ಅದನ್ನು ಬಿಚ್ಚಿ, ತಿರುಗಿಸಿ ಹೊಲಿದುಕೊಡುತ್ತಿದ್ದ. ಷರಟು ಇನ್ನೆರಡು ವರ್ಷ ಬಾಳುತ್ತಿತ್ತು. ಇದನ್ನು ಹೇಳಿದಾಗ ಅಜ್ಜ ನಕ್ಕು, ತಮ್ಮ ಅಮ್ಮನೂ ಹಾಗೇ ಮಾಡುತ್ತಿದ್ದರೆಂದರು.

ಆಮೇಲೆ ಬೆಂಕಿಪೊಟ್ಟಣದಿಂದ ಎರಡು ಪುಟ್ಟ ಪಿನ್ನುಗಳನ್ನು ತೆಗೆದು ತೋರಿಸಿದರು. ಪ್ರೊಪೆಲರ್ ಬಂಡೆಗೆ ಬಡಿದರೆ ಮೊದಲು ಮುರಿಯುವುದು ಈ ಪಿನ್ನು. ಒಳಗಿನ ಹಲ್ಲುಚಕ್ರ ಉಳಿಯುತ್ತದೆ. ಮನೆಯ ಫ್ಯೂಸ್ ಇದ್ದಂತೆ.

ಮೊದಲ ಪರೀಕ್ಷೆ ನೀರು ತುಂಬಿದ ಡ್ರಮ್ಮಿನಲ್ಲಿ, ಏಕೆಂದರೆ ನೀರಿಲ್ಲದೆ ಓಡಿಸಿದರೆ ಎಂಜಿನ್ನನ್ನು ತಂಪಾಗಿಡುವ ರಬ್ಬರ್ ಪಂಪು ಹಾಳಾಗುತ್ತದೆ. ಭಾನುವಾರ ಸರೋವರದಲ್ಲಿ ಮೊಮ್ಮಗ ಗೇರ್ ಹಾಕಿದ. ‘ಟಕ್’ ಎಂದು ಕಚ್ಚಿತು. ವೇಗ ಹೆಚ್ಚಿಸಿದರೂ ತಪ್ಪಲಿಲ್ಲ.

“ಹಿಂದಕ್ಕೆ ಮಾತ್ರ ಮೆಲ್ಲಗೆ ಓಡಿಸು ಮಗು, ಸವೆದ ಹಲ್ಲು ಈಗ ಆ ಕಡೆ ಇದೆ” ಎಂದರು ಅಜ್ಜ. ದೋಣಿಯಲ್ಲಿ ಎರಡು ಹುಟ್ಟುಗಳನ್ನೂ ಇಟ್ಟಿದ್ದರು.