ತಂದೆಯವರ ಸೀಮೆಯಲ್ಲಿ

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಈ ನಾಲ್ಕೂ ಊರುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಈಗ ಚಿಕ್ಕಬಳ್ಳಾಪುರವೇ ಜಿಲ್ಲೆಯ ಮುಖ್ಯಪಟ್ಟಣ. ತುಂಬಿ ಹರಿಯುವ ಹೊಳೆಯಿಲ್ಲದ, ಕೆರೆಗಳನ್ನೇ ನಂಬಿದ ಸೀಮೆಯಿದು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ದಿವಂಗತರಾದ ನಮ್ಮ ತಂದೆಯವರು ಬೆಳೆದುದು ಇಲ್ಲಿಯೇ. ಅವರ ಊರುಗಳನ್ನು ನೋಡಬೇಕೆಂದು ತಾಯಿಯವರನ್ನು ಕರೆದುಕೊಂಡು ಹೊರಟೆವು.

ಅಂಬಾಜಿದುರ್ಗದ ಬೆಟ್ಟವಿರುವ ಚಿಂತಾಮಣಿಯಲ್ಲಿ ಬಂಧುಗಳ ಮನೆಯಲ್ಲಿದ್ದು ಅವರು ಹೈಸ್ಕೂಲು ಓದಿದರು. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿತವಾದ ಆ ಕಾರ್ಖಾನೆಯನ್ನು ಮುಂದೆ ಸೇರಿದರು. 1961ರ ಜೂನ್ 17ರಂದು 'ಮಾರುತ' ಯುದ್ಧವಿಮಾನವು ಮೊದಲ ಬಾರಿಗೆ ಹಾರಿದಾಗ ಅವರು ತಪಾಸಣೆಯ ಕೆಲಸದಲ್ಲಿದ್ದರು. ಒಂದು ರಿವೆಟ್ಟಿನಲ್ಲಿ ಸಂದೇಹ ಬಂದರೂ ರುಜು ಹಾಕುತ್ತಿರಲಿಲ್ಲ, ಮನೆಗೂ ಬರುತ್ತಿರಲಿಲ್ಲ. ಎಷ್ಟೋ ಹಬ್ಬಗಳಲ್ಲಿ ತಾಯಿಯವರು ಎಲೆ ಹಾಕಿ ರಾತ್ರಿಯವರೆಗೂ ಕಾದಿದ್ದುಂಟು. ಕೇಳಿದರೆ, "ನಮ್ಮಮ್ಮನ ಚರಕ ನೋಡಿದ್ದರೆ ಕೇಳುತ್ತಿರಲಿಲ್ಲ" ಎನ್ನುವರು.

ಶಿಡ್ಲಘಟ್ಟವು ರೇಷ್ಮೆಯ ಊರು. ಅಲ್ಲಿ ನೂಲು ಬಿಚ್ಚುವ ಮನೆಯೊಂದಕ್ಕೆ ಹೋದೆವು. ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿದ್ದುವು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಹಲವು ಕೂಡಿ ಒಂದು ನೂಲಾಗುತ್ತದೆ. ಒಂದೊಂದು ಗೂಡಿನ ಎಳೆಯೂ ನೂರಾರು ಮೀಟರು ಉದ್ದ. ನೂಲು ಕಡಿಯಿತು. ಹೆಂಗಸು ಚರಕವನ್ನು ನಿಲ್ಲಿಸಿ, ಸುಡುನೀರಿಗೆ ಬೆರಳದ್ದಿ, ತುದಿಯನ್ನು ಹುಡುಕಿ ಸೇರಿಸಿ, ಆಮೇಲೆಯೇ ತಿರುಗಿಸಿದಳು. ನಮ್ಮ ಅಜ್ಜಿಯವರದೂ ಇದೇ ಕಸುಬು. ತಾಯಿಯವರು ಬಹಳ ಹೊತ್ತು ನೋಡಿ, "ಇದನ್ನು ಮೊದಲೇ ನೋಡಿದ್ದರೆ ನಾನು ಅಷ್ಟು ಮುನಿಸಿಕೊಳ್ಳುತ್ತಿರಲಿಲ್ಲ" ಎಂದರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳ, ಅವರ ಸಮಾಧಿಯೂ ಅಲ್ಲಿದೆ. ಅವರ ಹೆಸರನ್ನು ನಾಡೇ ಬಲ್ಲದು. ನಮ್ಮ ತಂದೆಯವರ ಹೆಸರು ಯಾವ ವಿಮಾನದ ಮೇಲೂ ಇಲ್ಲ. ಅವರ ರುಜು ಕಾರ್ಖಾನೆಯ ಕಾಗದಗಳಲ್ಲಿ ಮಾತ್ರ ಇದ್ದಿತು. ಅದನ್ನು ನಂಬಿ ವೈಮಾನಿಕರು ಮೇಲೇರಿದರು, ಕ್ಷೇಮವಾಗಿ ಇಳಿದರು.

ಕೊನೆಗೆ ಗೌರಿಬಿದನೂರು. ಅದರ ಸಮೀಪದಲ್ಲಿ 1976ರಲ್ಲಿ ಸಾವಿರ ಆಂಟೆನಾಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕವನ್ನು ಕಟ್ಟಿದರು. ಸಾವಿರವೂ ಕೂಡಿದರೆ ಒಂದು ಯಂತ್ರ. ತಂದೆಯವರಂಥವರು ದುಡಿದುದೂ ಹೀಗೆಯೇ.

ನಂದಿಬೆಟ್ಟವನ್ನು ನೋಡಿ ಹಿಂದಿರುಗುವ ವಾಚಕರು ಅರ್ಧ ದಿನ ಉಳಿಸಿಕೊಂಡು ಶಿಡ್ಲಘಟ್ಟಕ್ಕೂ ಹೋಗಲಿ. ಮಕ್ಕಳನ್ನು ಜೊತೆಗೆ ಕರೆದೊಯ್ದು, ಕಡಿದ ಎಳೆಯನ್ನು ಸೇರಿಸುವುದನ್ನು ತೋರಿಸಲಿ.