ನೆರೆ ನೋಡಿ ನೆಲೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಎರಡೂ ಕಷ್ಟದ ಕೆಲಸಗಳೇ ಸರಿ. ಆದರೆ ಮದುವೆಗೆ ಸಂಬಂಧ ನೋಡುವಾಗ ನಾಲ್ಕು ಊರು ತಿರುಗಿ ನಾಲ್ಕು ಜನರನ್ನು ವಿಚಾರಿಸುವ ನಾವು, ಮನೆಯ ವಿಷಯದಲ್ಲಿ ಅಷ್ಟು ತಾಳ್ಮೆ ತೋರುವುದಿಲ್ಲ. ಒಂದು ಭಾನುವಾರ ಹೋಗಿ, ನಿವೇಶನದ ದಿಕ್ಕು ನೋಡಿ, ರಸ್ತೆಯ ಅಗಲ ಕೇಳಿ, ಮುಂಗಡ ಕೊಟ್ಟು ಬರುತ್ತೇವೆ. ಉಳಿದ ಬಾಳನ್ನು ಎಂಥ ನೆಲದ ಮೇಲೆ, ಯಾರ ನಡುವೆ ಕಳೆಯಬೇಕೆಂಬ ಪ್ರಶ್ನೆಗೆ ಇಷ್ಟು ವಿಚಾರ ಸಾಲದು.

ನಮ್ಮದು ಮೂಡಿಗೆರೆ ಸೀಮೆಯ ಸಣ್ಣ ಕಾಫಿ ತೋಟ. ಮದುವೆಯಾಗಿ ಬಂದ ಮೇಲೆ ನಲವತ್ತು ವರ್ಷ ಅಲ್ಲಿಯೇ ಬಾಳಿದೆ. ಮಕ್ಕಳಿಬ್ಬರೂ ಬೆಂಗಳೂರು ಸೇರಿದರು. ಯಜಮಾನರಿಗೆ ಮಂಡಿನೋವು ಹೆಚ್ಚಾಯಿತು. ಸಂಜೆಯಾದರೆ ಆನೆಯ ಭಯದಿಂದ ಅಂಗಳ ದಾಟುವಂತಿಲ್ಲ. ವೈದ್ಯರಲ್ಲಿಗೆ ಪದೇ ಪದೇ ಮೂವತ್ತು ಕಿಲೋಮೀಟರ್ ದೂರದ ಚಿಕ್ಕಮಗಳೂರಿಗೆ ಬರಬೇಕು. ತೋಟವನ್ನು ಮೈದುನನ ಉಸ್ತುವಾರಿಗೆ ಬಿಟ್ಟು ಪೇಟೆಯಲ್ಲಿ ನೆಲೆಸುವುದೆಂದು ತೀರ್ಮಾನವಾಯಿತು. ಅಲ್ಲಿಂದ ಒಂದು ವರ್ಷ ಮನೆ ಹುಡುಕಿದೆವು. ಇದೇ ಸ್ಥಿತಿಯಲ್ಲಿರುವ ಕುಟುಂಬಗಳು ಇಂದು ಮಲೆನಾಡಿನಲ್ಲಿ ಬಹಳಷ್ಟಿವೆ. ಅವರಿಗೆ ಉಪಯೋಗವಾದೀತೆಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಹಿಂದೆ ನಮ್ಮ ಕಡೆ ವಾಸಸ್ಥಳವನ್ನು ಆರಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ತೋಟವಿದ್ದಲ್ಲಿ ಮನೆ. ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಿ ಕಂತಿನಲ್ಲಿ ಬರುವ ಹಣಕ್ಕೆ ಕಾಯುತ್ತಿದ್ದ ಕಾಲವದು. 1992ರಿಂದ ಬೆಳೆಯ ಒಂದು ಪಾಲನ್ನು, 1996ರಿಂದ ಪೂರ್ತಿ ಬೆಳೆಯನ್ನು ನೇರವಾಗಿ ಮಾರುವ ಅವಕಾಶ ದೊರೆಯಿತು. ನಡುವೆ 1994ರಲ್ಲಿ ಬ್ರೆಜಿಲ್ ದೇಶದ ತೋಟಗಳು ಹೆಪ್ಪುಗಟ್ಟಿಸುವ ಚಳಿಗೆ ಸಿಕ್ಕಿದ್ದರಿಂದ ಜಗತ್ತಿನಾದ್ಯಂತ ಕಾಫಿಯ ಬೆಲೆ ಏರಿತು. ಕೈಯಲ್ಲಿ ಹಣ ಓಡಾಡಿತು. ಮಕ್ಕಳ ಓದಿನ ನೆಪದಲ್ಲಿ ಅನೇಕರು ಚಿಕ್ಕಮಗಳೂರಿನಲ್ಲಿ ಮನೆ ಮಾಡಿದರು. 2013ರಲ್ಲಿ ಕಡೂರಿನಿಂದ ರೈಲು ಬಂದಿತು. ಗಿರಿಯ ತಂಪನ್ನರಸಿ ದೂರದ ಊರುಗಳವರೂ ಬಂದು ನಿವೇಶನ ಕೊಂಡರು. ಬಸವನಹಳ್ಳಿ, ಕೋಟೆ, ವಿಜಯಪುರಗಳಲ್ಲಿದ್ದ ಪೇಟೆ ಸುತ್ತಲ ಗದ್ದೆ ಬಯಲುಗಳಿಗೆ ಹರಡಿತು.

ನಮ್ಮ ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಪಕ್ಕದವರೂ ನೆರೆಯೇ, ಉಕ್ಕಿ ಬರುವ ನೀರೂ ನೆರೆಯೇ. ಮನೆಗೆ ಸ್ಥಳ ನೋಡುವವರು ಈ ಎರಡು ನೆರೆಗಳನ್ನೂ ನೋಡಬೇಕೆಂಬುದು ನನ್ನ ಅನುಭವ.

ಮೊದಲು ನೀರಿನ ಮಾತು. ಗಂಗಾಮೂಲದಲ್ಲಿ ಭದ್ರೆ, ಜಾವಳಿಯಲ್ಲಿ ಹೇಮಾವತಿ, ಬಾಬಾಬುಡನ್ ಗಿರಿಯಲ್ಲಿ ಯಗಚಿ ಹುಟ್ಟುವ ನಾಡು ನಮ್ಮದು. ಇಷ್ಟು ನದಿಗಳ ತವರಿನಲ್ಲಿ ನೀರಿನ ದಾರಿಯನ್ನು ಕೇಳದೆ ಮನೆ ಕಟ್ಟಲಾಗದು. ಹಳಬರು ಗದ್ದೆಗಿಂತ ಮೇಲೆ, ಗುಡ್ಡದ ಕಡಿದಾದ ಭಾಗಕ್ಕಿಂತ ಕೆಳಗೆ, ಗಟ್ಟಿ ನೆಲ ನೋಡಿ ಮನೆ ಕಟ್ಟುತ್ತಿದ್ದರು. ಹಿಂಬದಿಯ ಧರೆಯನ್ನು ಹೆಚ್ಚು ಕಡಿಯುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುವುದು ಕಾಫಿ ಕಣ ಸಾರಿಸುವಷ್ಟೇ ಮುಖ್ಯ ಕೆಲಸವಾಗಿತ್ತು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಂಥ ಊರುಗಳಲ್ಲಿ ಗುಡ್ಡ ಕುಸಿದು ಮನೆಗಳು ಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಳು. ಅದರ ಹಿಂದಿನ ವರ್ಷ ಕೊಡಗು, 2024ರಲ್ಲಿ ವಯನಾಡು ಇದೇ ದುಃಖವನ್ನು ಕಂಡವು. ಗುಡ್ಡದ ನೆಲ ಸದಾ ಒಂದೇ ಸಮನೆ ಇರುತ್ತದೆಂದು ಯಾರೂ ಭಾವಿಸಬಾರದು.

ಪೇಟೆಯಲ್ಲಿ ಅಪಾಯ ಅಷ್ಟಿಲ್ಲದಿದ್ದರೂ ನೀರು ಅದೇ ನೀರು. ಮಾರ್ಚಿಯಲ್ಲಿ ನಾವು ನೋಡಿದ ಒಂದು ಹೊಸ ಬಡಾವಣೆ ಚಿತ್ರ ಬರೆದಂತಿತ್ತು. ಅಗಲವಾದ ರಸ್ತೆ, ಸಾಲುದೀಪ, ನಡುವೆ ಪುಟ್ಟ ಉದ್ಯಾನ. ಪಕ್ಕದಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿದೆ. “ಅಮ್ಮಾ, ಇದು ನಾವು ನಾಟಿ ಮಾಡುತ್ತಿದ್ದ ಗದ್ದೆ. ಮಣ್ಣೇನೋ ಹಾಕಿದ್ದಾರೆ, ನೀರಿಗೆ ಯಾರು ಹೇಳಿದ್ದಾರೆ?” ಎಂದರು. ಆಷಾಢದಲ್ಲಿ ಮತ್ತೆ ಹೋದೆವು. ಉದ್ಯಾನದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಹೊಸ ಮನೆಯೊಂದರ ಗೋಡೆ ಕಿಟಕಿಯ ಎತ್ತರದವರೆಗೆ ತೇವ ಹಿಡಿದಿತ್ತು.

ಆದ್ದರಿಂದ ಸ್ಥಳವನ್ನು ಬೇಸಿಗೆಯಲ್ಲೊಮ್ಮೆ, ಜಡಿಮಳೆಯಲ್ಲೊಮ್ಮೆ ನೋಡಬೇಕು. ಗ್ರಾಮ ನಕಾಶೆಯಲ್ಲಿ ಹಳ್ಳ, ಕೆರೆ, ಕಾಲುವೆಗಳು ಎಲ್ಲಿವೆಯೆಂದು ತಿಳಿದವರಿಂದ ಓದಿಸಿಕೊಳ್ಳಬೇಕು. ಸರ್ಕಾರದ ‘ದಿಶಾಂಕ್’ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ನಿಂತ ಜಾಗದ ಸರ್ವೆ ನಂಬರನ್ನೇ ತಿಳಿಯಬಹುದು. ಕೃಷಿಭೂಮಿಯಾಗಿದ್ದರೆ ಭೂ ಪರಿವರ್ತನೆಯ ಆದೇಶವಿದೆಯೇ, ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಅನುಮೋದನೆಯಿದೆಯೇ, 2016ರ ರಿಯಲ್ ಎಸ್ಟೇಟ್ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದು ವಿಚಾರಿಸಬೇಕು. ಕಾಗದಪತ್ರ ಸರಿಯಿದ್ದ ಮಾತ್ರಕ್ಕೆ ನೆಲ ಒಣಗಿರುವುದಿಲ್ಲ ಎಂಬುದನ್ನೂ ಮರೆಯಬಾರದು. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂಬುದನ್ನು ಮಾರುವವರನ್ನು ಕೇಳುವುದಕ್ಕಿಂತ ಆ ಬೀದಿಯ ಗೃಹಿಣಿಯರನ್ನು ಕೇಳುವುದು ಲೇಸು.

ಇನ್ನು ಎರಡನೆಯ ನೆರೆ. ಸೌಕರ್ಯಗಳೆಲ್ಲ ಇದ್ದರೆ ನೆರೆಹೊರೆ ತಾನಾಗಿ ಬೆಳೆಯುತ್ತದೆಂದು ಹೇಳುವವರಿಗೆ ನಾನು ಕುದುರೆಮುಖವನ್ನು ನೆನಪಿಸುತ್ತೇನೆ. 1976ರಲ್ಲಿ ಅದಿರು ಕಂಪನಿ ಸ್ಥಾಪನೆಯಾದ ಮೇಲೆ ಕಳಸದ ಆಚೆ ಕಾಡಿನ ನಡುವೆ ಒಂದು ಮಾದರಿ ಪಟ್ಟಣವೇ ಎದ್ದಿತು. ಶಾಲೆ, ಆಸ್ಪತ್ರೆ, ಅಂಗಡಿಸಾಲು, ಆಟದ ಬಯಲು, ಯಾವುದಕ್ಕೂ ಕೊರತೆಯಿರಲಿಲ್ಲ. ಕಾಡನ್ನೂ ಭದ್ರೆಯನ್ನೂ ಉಳಿಸುವ ಕಾಳಜಿಯಿಂದ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲಸ ನಿಂತೊಡನೆ ಕುಟುಂಬಗಳು ಒಂದೊಂದಾಗಿ ಹೊರಟವು. ಮನೆಗಳ ಸಾಲು ಉಳಿಯಿತು, ದೀಪ ಹಚ್ಚುವವರು ಉಳಿಯಲಿಲ್ಲ. ಒಂದೇ ಕಾರಣಕ್ಕೆ ಕೂಡಿದ ಊರು ಆ ಕಾರಣ ಹೋದಾಗ ಚದುರಿತು.

ಈಗಿನ ಕೆಲವು ಬಡಾವಣೆಗಳಲ್ಲಿ ಇದನ್ನೇ ಬೇರೆ ರೂಪದಲ್ಲಿ ಕಂಡೆ. ಬುಧವಾರ ಸಂಜೆ ಏಳು ಗಂಟೆಗೆ ಒಂದು ಬೀದಿಗೆ ಹೋದಾಗ ಹನ್ನೆರಡು ಮನೆಗಳ ಪೈಕಿ ಮೂರರಲ್ಲಿ ಮಾತ್ರ ದೀಪವಿತ್ತು. ಉಳಿದವು ಬೆಂಗಳೂರಿನವರ ರಜಾಮನೆಗಳು, ಇಲ್ಲವೇ ಹೋಂಸ್ಟೇಗಳು. ಶನಿವಾರ ಕಾರುಗಳ ಸಾಲು, ಸೋಮವಾರ ಬೀಗ. ವಯಸ್ಸಾದವರಿಗೆ ಬೀಗ ಹಾಕಿದ ಬಾಗಿಲು ನೆರೆಯಾಗಲಾರದು.

ಮತ್ತೊಂದು ಕಡೆ ದಲ್ಲಾಳಿಯೊಬ್ಬರು ಭರವಸೆ ಕೊಟ್ಟರು: “ಅಮ್ಮಾ, ಇಲ್ಲಿ ಎಲ್ಲ ನಿಮ್ಮವರೇ. ಬೇರೆ ಯಾರಿಗೂ ಕೊಡುವುದಿಲ್ಲವೆಂದು ಮಾತಾಗಿದೆ.” ಜೊತೆಗಿದ್ದ ನಮ್ಮ ನೆಂಟರಿಗೆ ಈ ಮಾತು ಬಹಳ ಹಿಡಿಸಿತು. ಹಬ್ಬ, ಪೂಜೆ, ಪ್ರಸಾದಕ್ಕೆ ಅನುಕೂಲವೆಂಬುದು ಅವರ ವಾದ. ಅದರಲ್ಲಿ ಸತ್ಯವಿಲ್ಲದಿಲ್ಲ. ಮುಪ್ಪಿನಲ್ಲಿ ತಮ್ಮ ರೂಢಿ ತಿಳಿದವರು ಬಳಿಯಿರಲೆಂದು ಬಯಸುವುದು ತಪ್ಪಲ್ಲ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಅದಕ್ಕೆ ಕಾರಣವಿದೆ.

2019ರ ಆ ಮಳೆಯಲ್ಲಿ ಅತ್ತೆಯವರಿಗೆ ಉಸಿರಾಟದ ತೊಂದರೆಯಾಯಿತು. ಕರೆಂಟು ಹೋಗಿ ಮೂರನೆಯ ರಾತ್ರಿ. ದಾರಿಗೆ ಮರ ಅಡ್ಡ ಬಿದ್ದಿತ್ತು. ನೆರೆತೋಟದ ಗೌಡರು ಗರಗಸ ಹಿಡಿದು ಬಂದರು. ಲೈನುಮನೆಯ ಹುಡುಗರು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಹಳ್ಳ ದಾಟಿಸಿದರು. ಆಚೆ ದಡದಲ್ಲಿ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದವರು ನಮ್ಮಿಂದ ಕಾಳುಮೆಣಸು ಕೊಳ್ಳುವ ಬ್ಯಾರಿ ವ್ಯಾಪಾರಿ. ಯಾರೂ ಯಾರನ್ನೂ ಕುಲ ಕೇಳಲಿಲ್ಲ. ಅತ್ತೆಯವರು ಆಮೇಲೆ ಎರಡು ವರ್ಷ ಬಾಳಿದರು. “ಬಂಧುಗಳು ಮಳೆ ನಿಂತ ಮೇಲೆ ಬರುತ್ತಾರೆ, ನೆರೆಯವರು ಮಳೆಯಲ್ಲೇ ಬರುತ್ತಾರೆ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯನವರೆಲ್ಲ ಒಂದಾಗಿದ್ದ ಕಲ್ಯಾಣವನ್ನು ಸ್ಮರಿಸುವ ನಾವು, ‘ಬೇರೆಯವರಿಗಿಲ್ಲ’ ಎಂಬ ಬೀದಿಯಲ್ಲಿ ಮನೆ ಮಾಡಿ ಯಾವ ಬಾಯಿಂದ ಆ ಶರಣರ ಹೆಸರು ಹೇಳುವುದು?

ಕೊನೆಗೆ ಪೇಟೆಯ ಹಳೆಯ ಭಾಗದ ಏರುಬೀದಿಯೊಂದರಲ್ಲಿ ಚಿಕ್ಕ ಮನೆ ಒಪ್ಪಿದೆವು. ಕೊರತೆಗಳಿವೆ. ರಸ್ತೆ ಕಿರಿದು, ಕಾರು ನಿಲ್ಲಿಸಲು ಜಾಗವಿಲ್ಲ, ಹಿತ್ತಲಲ್ಲಿ ನಾಲ್ಕು ಹೂಗಿಡಕ್ಕಿಂತ ಹೆಚ್ಚು ಬೆಳೆಯದು. ಇಪ್ಪತ್ತೆಕರೆಯ ಹಸಿರಿನಲ್ಲಿ ಬಾಳಿದ ಯಜಮಾನರಿಗೆ ಮೊದಲ ತಿಂಗಳು ಉಸಿರುಕಟ್ಟಿದಂತಾಗಿ, “ಏನೇ, ಇಲ್ಲಿ ಮಳೆ ಬಂದರೂ ಕೇಳಿಸುವುದಿಲ್ಲವಲ್ಲ” ಎಂದರು. ತೋಟ ಬಿಟ್ಟ ದುಃಖ ನನಗೂ ಇದೆ. ಆದರೆ ಮಳೆನೀರು ಬೀದಿಯಲ್ಲಿ ನಿಲ್ಲದೆ ಇಳಿದುಹೋಗುತ್ತದೆ. ಎಡಕ್ಕೆ ನಿವೃತ್ತ ಉಪಾಧ್ಯಾಯರು, ಬಲಕ್ಕೆ ದರ್ಜಿಯ ಸಂಸಾರ, ಎದುರಿಗೆ ದಾದಿಯಾಗಿ ದುಡಿಯುವ ಹೆಣ್ಣುಮಗಳು. ಬೆಳಗ್ಗೆ ಎಂಟಕ್ಕೆ ನಮ್ಮ ಬಾಗಿಲು ತೆರೆಯದಿದ್ದರೆ ಮೂವರಲ್ಲಿ ಒಬ್ಬರಾದರೂ ಬಂದು ತಟ್ಟುತ್ತಾರೆ.

ಸಕರಾಯಪಟ್ಟಣದ ರುಕ್ಮಾಂಗದ ರಾಜನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರೇ ಚಿಕ್ಕಮಗಳೂರು ಎಂಬುದು ಈ ಊರಿನ ಐತಿಹ್ಯ. ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು. ಎರಡೂ ಒಂದಕ್ಕೊಂದು ತಾಗಿಕೊಂಡೇ ಇವೆ. ಐತಿಹ್ಯದ ಆ ತಂದೆ ಮಕ್ಕಳಿಗೆ ಭೂಮಿಯ ಜೊತೆಗೆ ಕೂಗಿದರೆ ಕೇಳುವ ನೆರೆಯನ್ನೂ ಕೊಟ್ಟನೆಂದು ನನಗೆ ತೋರುತ್ತದೆ. ಮನೆ ಮಾಡಹೊರಟ ಬಂಧುಗಳು ನಿವೇಶನದ ಉದ್ದಗಲದ ಜೊತೆಗೆ ಇದನ್ನೂ ಅಳೆದು ನೋಡಲಿ. ಹಾಗೆಯೇ, ನಮ್ಮನ್ನು ನೆರೆಯಾಗಿ ಪಡೆಯುವವರಿಗೆ ನಾವು ಎಂಥವರಾಗಿರುತ್ತೇವೆಂದು ಒಂದು ಗಳಿಗೆ ಯೋಚಿಸಲಿ.