ಹಳೆಯ ಬೀಡು, ಹಾಲಿ ವಾಸ

ಪ್ರವಾಸವೆಂಬ ಪದವನ್ನು ಈಗ ನಾವು ನಾಲ್ಕು ದಿನಗಳ ವಿಹಾರಕ್ಕೆ ಬಳಸುತ್ತೇವೆ. ಸಂಸ್ಕೃತದಲ್ಲಿ ಅದಕ್ಕೆ ಸ್ವಸ್ಥಳವನ್ನು ಬಿಟ್ಟು ಪರಸ್ಥಳದಲ್ಲಿ ವಾಸಿಸುವುದೆಂದು ಅರ್ಥ. ಈ ಎರಡನೆಯ ಬಗೆಯ ಪ್ರವಾಸವನ್ನು ನಾನು 1988ರಲ್ಲಿ ಆರಂಭಿಸಿದೆನು. ಅರಸೀಕೆರೆಯ ಸಮೀಪದ ಹಳ್ಳಿಯಲ್ಲಿ ಹುಟ್ಟಿದವನು ಉದರನಿಮಿತ್ತವಾಗಿ ಮಹಾರಾಷ್ಟ್ರದ ಮಿರಜನ್ನು ಸೇರಿ, ಅಲ್ಲಿಯ ಮಕ್ಕಳಿಗೆ ಶಬ್ದರೂಪಗಳನ್ನು ಕಲಿಸುತ್ತ ತಲೆ ನರೆತೆನು. ಮೊದಲನೆಯ ಬಗೆಯ ಪ್ರವಾಸವನ್ನು ಕಳೆದ ಮಾಘಮಾಸದಲ್ಲಿ ಇಬ್ಬರು ಮಿತ್ರರೊಡನೆ ಮಾಡಿ ಬಂದೆನು. ಅದರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಮಿತ್ರರಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರು. ಇನ್ನೊಬ್ಬರು ತಂಬೂರಿ ಮಾಡುವ ಮನೆತನದವರು. ಮಿರಜಿನ ತಂಬೂರಿ, ಸಿತಾರುಗಳ ಕೀರ್ತಿಯನ್ನು ಸಂಗೀತ ಬಲ್ಲವರಿಗೆ ಹೇಳಬೇಕಾದುದಿಲ್ಲ. ನಾನು ಹೊರಟುದು ವಿಹಾರಕ್ಕಲ್ಲ. ನನ್ನ ಪಾಲಿಗೆ ಬಂದಿದ್ದ ಹಿರಿಯರ ಮನೆಯನ್ನೂ ತೆಂಗಿನ ತೋಟವನ್ನೂ ಚಿಕ್ಕಪ್ಪನ ಮಗನಿಗೆ ಕ್ರಯಕ್ಕೆ ಕೊಡುವುದಿದ್ದಿತು. “ಇಂಥಾ ಕೆಲಸಕ್ಕ ಒಬ್ಬರ ಹೋಗಬ್ಯಾಡ್ರಿ, ಮಾಸ್ತರ” ಎಂದು ಅವರಿಬ್ಬರೂ ಜೊತೆಗೂಡಿದರು.

ಅರಸೀಕೆರೆಯ ನೋಂದಣಿ ಕಚೇರಿಯಲ್ಲಿ ಕ್ರಯಪತ್ರವನ್ನು ಓದಿ ಹೇಳಿದರು. ಅದರಲ್ಲಿ ನನ್ನ ಹುಟ್ಟೂರಿನ ಹೆಸರಿನ ಮುಂದೆ ‘ಹಾಲಿ ವಾಸ ಮಿರಜ’ ಎಂದಿದ್ದಿತು. ಮೂವತ್ತೈದು ವರ್ಷಗಳಿಗೂ ಮಿಕ್ಕಿ ಬಾಳಿದ ಊರು ಕಾಗದದಲ್ಲಿ ಇನ್ನೂ ‘ಹಾಲಿ’! ಇನ್ನು ಹುಟ್ಟೂರಿನಲ್ಲಿ ನನ್ನದೆಂಬುದು ಒಂದು ಅಂಗೈ ನೆಲವೂ ಇಲ್ಲ. ರುಜು ಮಾಡುವಾಗ ಕೈ ನಡುಗಿತೆಂದು ಹೇಳಲು ನನಗೆ ಸಂಕೋಚವಿಲ್ಲ. ತಮ್ಮನು ಹತ್ತು ತೆಂಗಿನಕಾಯಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ತಂದಿದ್ದನು. “ಅಣ್ಣಯ್ಯ, ಈ ಸಲದ ಫಸಲು ನಿಮ್ಮದೇ” ಎಂದನು.

ಮಿರಜಿನ ಕಡೆಯ ಗಾಡಿ ನಡುವಿರುಳು ಕಳೆದ ಮೇಲೆ. ಹಗಲೆಲ್ಲ ಉಳಿದಿದ್ದಿತು. ಮಿತ್ರರು ಬೇಲೂರನ್ನು ಕಂಡವರಲ್ಲ. ಬಾಡಿಗೆಯ ಕಾರಿನಲ್ಲಿ ಹೊರಟೆವು.

ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯನ್ನು ವರ್ಣಿಸುವ ಸಾಹಸ ನನಗೆ ಬೇಡ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲು ಸೋಕಿದಂತೆ ಗಟ್ಟಿಯಾಗುವ ಬಳಪದ ಕಲ್ಲು ಅದು. ಆದುದರಿಂದಲೇ ಮದನಿಕೆಯರ ಆಭರಣಗಳಲ್ಲಿ ಅಂತಹ ಸೂಕ್ಷ್ಮತೆ ಸಾಧ್ಯವಾಯಿತು. ತಂಬೂರಿಯ ಮಿತ್ರರು ಮದನಿಕೆಯರ ಚೆಲುವಿಗಿಂತ ಹೆಚ್ಚಾಗಿ ಕೆಲಸಗಾರರ ಕೈಯನ್ನು ನೋಡುತ್ತಿದ್ದರು. “ಇದನ್ನ ಮಾಡಿದವರು ಯಾರ್ರಿ?” ಎಂದು ಕೇಳಿದರು. ಇಲ್ಲಿಯ ಶಿಲ್ಪಿಗಳಲ್ಲಿ ಕೆಲವರು ತಮ್ಮ ಹೆಸರನ್ನು ವಿಗ್ರಹಗಳ ಕೆಳಗೆ ಕೊರೆದಿರುವರು. ಅವರಲ್ಲಿ ದಾಸೋಜ, ಅವನ ಮಗ ಚಾವಣ ಇವರು ಬಳ್ಳಿಗಾವೆಯವರು. ಬಳ್ಳಿಗಾವೆಯಿರುವುದು ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ಅಂದಿನ ಕಾಲಕ್ಕೆ ಬೇಲೂರಿನಿಂದ ಹಲವು ದಿನಗಳ ಹಾದಿ. ಗುಡಿ ಅರಸನದು, ಊರು ಅರಸನದು; ಹೀಗಿದ್ದೂ ತಂದೆಮಕ್ಕಳು ತಮ್ಮ ಊರಿನ ಹೆಸರನ್ನು ಬಿಡಲಿಲ್ಲ.

ಮಿತ್ರರು ಕ್ಷಣಕಾಲ ಸುಮ್ಮನಿದ್ದು, “ನಾವೂ ತಂಬೂರಿ ಮ್ಯಾಲೆ ಊರ ಹೆಸರು ಹಾಕತೇವ್ರಿ, ಮಾಸ್ತರ. ವಾದ್ಯ ಎಲ್ಲಿಗೆ ಹೋದ್ರೂ ಊರು ಅದರ ಸಂಗಾಟ ಹೋಗತೈತಿ” ಎಂದರು.

ಹಳೆಬೀಡಿಗೆ ಬಂದಾಗ ಹೊತ್ತು ಇಳಿಯುತ್ತಿದ್ದಿತು. ಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆಯ ಸವಾರರು. ಇದು ಹೊಯ್ಸಳರ ರಾಜಧಾನಿಯಾದ ದೋರಸಮುದ್ರ. 1311ರಲ್ಲಿ ಮಲಿಕ್ ಕಾಫರನ ದಂಡು ಇಲ್ಲಿಗೆ ಬಂದಿತು. ಆ ಶತಮಾನದ ನಡುವಿಗೆ ಹೊಯ್ಸಳರ ರಾಜ್ಯವೇ ಮುಗಿಯಿತು. ಸಮುದ್ರವೆನಿಸಿದ ಕೆರೆ ಉಳಿಯಿತು. ಪಟ್ಟಣಕ್ಕೆ ‘ಹಳೆಯ ಬೀಡು’ ಎಂಬ ಹೆಸರು ನಿಂತಿತು. ಬೀಡೆಂದರೆ ವಾಸಸ್ಥಾನ. ಬೇಲೂರು, ಹಳೆಬೀಡು, ಸೋಮನಾಥಪುರಗಳ ಗುಡಿಗಳನ್ನು ಯುನೆಸ್ಕೊ ಸಂಸ್ಥೆಯು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಡೆಯರು ಹೋದ ಮನೆಯನ್ನು ಈಗ ಲೋಕವೇ ತನ್ನದೆನ್ನುತ್ತಿದೆ. ಬೆಳಗ್ಗೆ ನಾನು ಬಿಟ್ಟುಕೊಟ್ಟ ಮನೆಯೂ ನನಗೊಂದು ಹಳೆಯ ಬೀಡೇ. ಆದರೆ ಅದನ್ನು ನೋಡಲು ಯಾರೂ ಟಿಕೀಟು ಕೊಂಡು ಬರುವುದಿಲ್ಲ.

ರಾತ್ರಿ ಅರಸೀಕೆರೆಯ ನಿಲ್ದಾಣದಲ್ಲಿ ಬುತ್ತಿ ಬಿಚ್ಚಿದೆವು. 1988ರಲ್ಲಿ ಇದೇ ಕಟ್ಟೆಯ ಮೇಲೆ ನನ್ನ ತಾಯಿ ಚಕ್ಕುಲಿಯ ಡಬ್ಬಿ ಹಿಡಿದು ನಿಂತಿದ್ದಳು. ಆಗ ಇಲ್ಲಿಂದ ಮಿರಜಿನವರೆಗೆ ಮೀಟರ್ ಗೇಜಿನ ಹಳಿ. 1990ರ ದಶಕದಲ್ಲಿ ಅದು ಬ್ರಾಡ್ ಗೇಜಾಯಿತು. ಗಾಡಿ ಹೊರಟಾಗ ಅವಳು ಅಳಲಿಲ್ಲ. “ಮುಟ್ಟಿದ ಕೂಡಲೆ ಕಾಗದ ಬರಿ” ಎಂದಷ್ಟೇ ಹೇಳಿದಳು.

ನಾನು ಇದನ್ನು ಹೇಳುತ್ತಿರುವಾಗ ಪೋಸ್ಟ್‌ಮಾಸ್ಟರು ತೆಂಗಿನಕಾಯಿಯ ಚೀಲವನ್ನು ಎಳೆದುಕೊಂಡು, ದಪ್ಪ ಲೇಖನಿಯಿಂದ ಅದರ ಮೇಲೆ ನನ್ನ ಮಿರಜಿನ ವಿಳಾಸವನ್ನು ಬರೆದರು. ಅನಂತರ ನನ್ನ ಹಳ್ಳಿಯ ಹೆಸರನ್ನು ಕೇಳಿದರು. ಚೀಲ ನಮ್ಮೊಡನೆಯೇ ಬರುವಾಗ ಅದೇಕೆಂದೆನು. “ಕಳಿಸಿದವರ ಊರು ಇರಬೇಕ್ರಿ, ಮಾಸ್ತರ. ಮುಟ್ಟದಿದ್ರ ಹೊಳ್ಳಿ ಹೋಗಾಕ ಒಂದು ಜಾಗಾ ಬೇಕಲ್ಲ?” ಎಂದು ನಕ್ಕು ಹಳ್ಳಿಯ ಹೆಸರನ್ನು ಬರೆದರು. ನನಗೆ ನಗು ಬರಲಿಲ್ಲ.

ಗಾಡಿ ಬಂದಿತು. ಕಡೂರು, ಬೀರೂರು ಕತ್ತಲಲ್ಲಿ ಹಿಂದೆ ಸರಿದವು. ಮಿತ್ರರು ಹೊದಿಕೆಗಳನ್ನು ಹರಡಿ, ಕಿಟಕಿಯ ಗಾಳಿ ತಾಗದ ಕಡೆ ನನಗೆ ಹಾಸಿಗೆ ಮಾಡಿಕೊಟ್ಟರು. ದೀಪವಾರಿಸುವ ಮುನ್ನ ತಂಬೂರಿಯವರು ಕೇಳಿದರು: “ನಾಳೆ ಮನಿ ಮುಟ್ಟೂದು ಎಷ್ಟೊತ್ತಿಗ್ರಿ?”

“ಊಟದ ಹೊತ್ತಿಗೆ ಮನೆಯಲ್ಲಿರುತ್ತೇವೆ” ಎಂದೆನು. ಮನೆಯೆಂಬ ಮಾತು ನಾನು ಯೋಚಿಸುವ ಮೊದಲೇ ಬಾಯಿಂದ ಬಂದಿದ್ದಿತು. ಬೆಳಗ್ಗೆ ಇಷ್ಟೊಂದು ನಡುಗಿದ ಕೈ ಆಗ ನೆಮ್ಮದಿಯಾಗಿ ಎದೆಯ ಮೇಲಿದ್ದಿತು. ಇರುವ ಊರು ಮನೆಯಾಗುವುದು ಕ್ರಯಪತ್ರದಿಂದಲ್ಲ, ನಡುರಾತ್ರಿ ಜೊತೆಗೆ ಬರುವ ಜನರಿಂದ. ಆದರೂ ಬಂದ ಊರಿನ ಹೆಸರು ದಾಸೋಜನ ಅಕ್ಷರದಂತೆ ಅಡಿಯಲ್ಲೆಲ್ಲೋ ಇದ್ದೇ ಇರಬೇಕು.

ಕಾಯಿಗಳು ಮುಗಿದು ತಿಂಗಳುಗಳಾದವು. ಎರಡು ವಿಳಾಸಗಳ ಆ ಗೋಣಿಚೀಲವನ್ನು ಮಾತ್ರ ಬಿಸಾಡಬಾರದೆಂದು ಮನೆಯವರಿಗೆ ಹೇಳಿದ್ದೇನೆ.